ಗುರುಗಳಿಲ್ಲದ ದ್ವೀಪಗಳಲ್ಲಿ ಆರದ ಒಲೆ



ಆಗಸ್ಟ್ 15ರಂದು ನಾವು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವನ್ನು ಆಚರಿಸುತ್ತೇವೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಸರಪಳಿಯಂತೆ ಚಾಚಿಕೊಂಡಿರುವ ಕೆಲವು ಬಡ ದ್ವೀಪಗಳಲ್ಲಿ ಇದೇ ಹಬ್ಬವನ್ನು ಹಿಂದೆ ಮನೆಯ ಒಲೆಯ ಮುಂದೆ ಆಚರಿಸುತ್ತಿದ್ದರು. ಬೆಳಿಗ್ಗೆ ಹೊಲಕ್ಕೆ ಹೋಗಿ ಹೊಸ ಬಾರ್ಲಿಯ ತೆನೆಗಳನ್ನು ಕಿತ್ತು ತಂದು, ಬಂಡೆಯ ಮೇಲೆ ಬಿಸಿಲಿಗೆ ಹರವಿ, ಕೈಯಲ್ಲೇ ಉಜ್ಜಿ ಹೊಟ್ಟು ತೂರಿ, ಬೀಸುವ ಕಲ್ಲಿನಲ್ಲಿ ಹಿಟ್ಟು ಮಾಡಿ, ಒಂದು ರೊಟ್ಟಿ ಸುಡುತ್ತಿದ್ದರು. ಅದರ ಹೆಸರೇ ಮರಿಯಮ್ಮನವರ ರೊಟ್ಟಿ. ಮನೆಯ ಯಜಮಾನ ಅದನ್ನು ಮುರಿದು ಹೆಂಡತಿಗೂ, ವಯಸ್ಸಿನ ಕ್ರಮದಲ್ಲಿ ಮಕ್ಕಳಿಗೂ ಕೊಡುತ್ತಿದ್ದ. ಮನೆಮಂದಿಯೆಲ್ಲ ಹಾಡುತ್ತಾ ಬೆಂಕಿಗೆ ಬಲಸುತ್ತು ಬರುತ್ತಿದ್ದರು. ಸೆಪ್ಟೆಂಬರ್ 8ರಂದು ತೆನೆ ಹಬ್ಬದ ಹೊಸ ಅಕ್ಕಿಯನ್ನು ಹಂಚಿಕೊಂಡು ಉಣ್ಣುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದು ಪರಕೀಯವೆನಿಸದು.

ಒಂದು ವಿಷಯವನ್ನು ಗಮನಿಸಿ. ಈ ಆಚರಣೆಯಲ್ಲಿ ಗುರುಗಳು ಎಲ್ಲಿಯೂ ಕಾಣುವುದಿಲ್ಲ. ತೆನೆಯನ್ನು ಆಶೀರ್ವದಿಸಲು ಗುರುಗಳು ಬರುವವರೆಗೆ ಕಾಯುವ ಭಾಗ್ಯ ಆ ಜನರಿಗೆ ಎಷ್ಟೋ ತಲೆಮಾರುಗಳ ಕಾಲ ಇರಲಿಲ್ಲ. ಹಾಗಿದ್ದೂ ಅಲ್ಲಿ ಕಥೋಲಿಕ ವಿಶ್ವಾಸ ಇಂದಿಗೂ ಉಳಿದಿದೆ. ಹೇಗೆ ಉಳಿಯಿತು? ಆ ದ್ವೀಪಗಳಿಗೆ ಹೋಗುವವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದು ಎಂದು ನನಗೆ ತೋರುತ್ತದೆ.

ಹೌದು, ಇಂದು ಅಲ್ಲಿಗೆ ಹೋಗುವುದು ಕಷ್ಟವಲ್ಲ. ಬ್ರಿಟನ್ನಿನಲ್ಲಿ ನರ್ಸ್ ಕೆಲಸದಲ್ಲೋ ಕಂಪ್ಯೂಟರ್ ಕೆಲಸದಲ್ಲೋ ಇರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಲಂಡನ್ ನೋಡಿ ಮುಗಿದ ಮೇಲೆ, ವಾರದ ಮಟ್ಟಿಗೆ ಎಲ್ಲಿಗಾದರೂ ಹೋಗಿಬನ್ನಿ ಎಂದು ಮಕ್ಕಳು ಬಸ್ ಪ್ರವಾಸಕ್ಕೆ ಹೆಸರು ಬರೆಸುವುದುಂಟು. ಅಂಥವರಿಗಾಗಿ, ಮತ್ತು ಮನೆಯಲ್ಲೇ ಕುಳಿತು ಹೋಗಿಬರುವವರಿಗಾಗಿ, ಈ ದ್ವೀಪಗಳನ್ನು ಸ್ವಲ್ಪ ಪರಿಚಯಿಸುತ್ತೇನೆ.

ಬಸ್ಸೇ ಹಡಗನ್ನೇರುತ್ತದೆ

ಈ ದ್ವೀಪಸಾಲಿಗೆ ಔಟರ್ ಹೆಬ್ರಿಡೀಸ್ ಎಂದು ಹೆಸರು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 210 ಕಿಲೋಮೀಟರ್ ಉದ್ದ. ಇರುವ ಜನರೆಲ್ಲ ಸೇರಿ ಸುಮಾರು 26 ಸಾವಿರ. ದಕ್ಷಿಣದಿಂದ ಎಣಿಸಿದರೆ ಜನವಸತಿಯ ಮುಖ್ಯ ದ್ವೀಪಗಳು ಬಾರಾ, ಎರಿಸ್ಕೇ, ದಕ್ಷಿಣ ಯೂಯಿಸ್ಟ್, ಬೆನ್‌ಬೆಕ್ಯುಲಾ, ಉತ್ತರ ಯೂಯಿಸ್ಟ್, ಕೊನೆಗೆ ಒಂದೇ ನೆಲದ ಎರಡು ಭಾಗಗಳಾದ ಹ್ಯಾರಿಸ್ ಮತ್ತು ಲೂಯಿಸ್. ಮಾರ್ಗದರ್ಶಿಯೊಡನೆ ಹೊರಡುವ ಬಸ್ಸು ಸಾಮಾನ್ಯವಾಗಿ ಗ್ಲಾಸ್ಗೋ ನಗರದಿಂದ ಲಾಕ್ ಲೋಮಂಡ್ ಸರೋವರದ ಪಕ್ಕದಲ್ಲಿ ಸಾಗಿ ಓಬನ್ ಬಂದರನ್ನು ಸೇರುತ್ತದೆ. ಅಲ್ಲಿ ಬಸ್ಸೇ ಹಡಗಿನ ಹೊಟ್ಟೆಯೊಳಗೆ ಹೋಗಿ ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಮೇಲಿನ ಅಂತಸ್ತಿಗೆ ಹೋಗಬೇಕು. ಬಾರಾ ತಲುಪಲು ಸುಮಾರು ಐದು ಗಂಟೆ. ಆಮೇಲೆ ದ್ವೀಪದಿಂದ ದ್ವೀಪಕ್ಕೆ ಕೆಲವೆಡೆ ಚಿಕ್ಕ ಫೆರಿ, ಕೆಲವೆಡೆ ಸಮುದ್ರಕ್ಕೆ ಕಲ್ಲು ತುಂಬಿ ಕಟ್ಟಿದ ಏರಿರಸ್ತೆ. ಕೊನೆಗೆ ಲೂಯಿಸ್‌ನ ಸ್ಟೋರ್ನೊವೇ ಬಂದರಿನಿಂದ ಉಲ್ಲಾಪೂಲ್‌ಗೆ ಹಡಗು, ಅಲ್ಲಿಂದ ಇನ್ವರ್ನೆಸ್ ಮಾರ್ಗವಾಗಿ ವಾಪಸ್ಸು.

ದ್ವೀಪಗಳ ರಸ್ತೆಗಳು ಹಲವೆಡೆ ಒಂದೇ ವಾಹನದ ಅಗಲ. ಎದುರಿನಿಂದ ವಾಹನ ಬಂದರೆ ಸರಿದು ನಿಲ್ಲಲು ಅಲ್ಲಲ್ಲಿ ಜಾಗ ಬಿಟ್ಟಿದ್ದಾರೆ. ದಾರಿ ಬಿಟ್ಟವರಿಗೆ ಕೈಯೆತ್ತಿ ವಂದಿಸುವುದು ಅಲ್ಲಿನ ವಾಡಿಕೆ. ಬ್ರಿಟನ್ನಿನ ಕಾನೂನಿನಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ಆದ್ದರಿಂದ ಅವಸರವಿಲ್ಲ. ಗಾಳಿ ಜೋರಾದರೆ ಹಡಗು ಹೊರಡುವುದಿಲ್ಲ, ಆಗ ಯಾರೂ ಏನೂ ಮಾಡುವಂತಿಲ್ಲ. ಪ್ರವಾಸದ ಕಾಲ ಏಪ್ರಿಲ್‌ನಿಂದ ಸೆಪ್ಟೆಂಬರ್. ಜೂನ್ ತಿಂಗಳಲ್ಲೂ ಉಣ್ಣೆಯ ಅಂಗಿ, ಮಳೆಯ ಕೋಟು ಬೇಕು.

ಓಬನ್‌ನಲ್ಲಿ ಒಂದು ರಾತ್ರಿ ತಂಗುವವರು ಸಮುದ್ರದ ಎದುರಿಗಿರುವ ಸಂತ ಕೊಲಂಬಾ ಪ್ರಧಾನಾಲಯಕ್ಕೆ ಹೋಗಿಬರಲಿ. ಈ ದ್ವೀಪಗಳನ್ನೊಳಗೊಂಡ ಆರ್ಗೈಲ್ ಮತ್ತು ದ್ವೀಪಗಳ ಧರ್ಮಕ್ಷೇತ್ರ 1878ರಲ್ಲಿ ಸ್ಥಾಪನೆಯಾಯಿತು. ಪ್ರಧಾನಾಲಯದ ನಕ್ಷೆ ಬರೆದವರು ಗೈಲ್ಸ್ ಗಿಲ್ಬರ್ಟ್ ಸ್ಕಾಟ್. ಇಂಗ್ಲೆಂಡಿನ ಆ ಪ್ರಸಿದ್ಧ ಕೆಂಪು ಟೆಲಿಫೋನ್ ಪೆಟ್ಟಿಗೆಯನ್ನು ರೂಪಿಸಿದವರೂ ಅವರೇ!

ಹಲವು ಪ್ರವಾಸಗಳು ಓಬನ್‌ನಿಂದ ಒಂದು ದಿನ ಅಯೋನಾ ದ್ವೀಪಕ್ಕೂ ಕರೆದೊಯ್ಯುತ್ತವೆ. ಮಲ್ ದ್ವೀಪವನ್ನು ದಾಟಿ ಅದರ ತುದಿಯಲ್ಲಿ ಬಸ್ಸನ್ನು ನಿಲ್ಲಿಸಿ, ಪ್ರಯಾಣಿಕರು ಹತ್ತು ನಿಮಿಷದ ಫೆರಿಯಲ್ಲಿ ಹೋಗಬೇಕು. ಪ್ರವಾಸಿಗರ ವಾಹನಗಳಿಗೆ ಅಯೋನಾದಲ್ಲಿ ಪ್ರವೇಶವಿಲ್ಲ. ಐರ್ಲೆಂಡಿನ ಸಂತ ಕೊಲಂಬಾ ಕ್ರಿ.ಶ. 563ರಲ್ಲಿ ಬಂದಿಳಿದು ಮಠ ಕಟ್ಟಿದ್ದು ಇಲ್ಲಿಯೇ. 597ರ ಜೂನ್ 9ರಂದು ಅವರು ಇಲ್ಲಿಯೇ ನಿಧನರಾದರು. ಜೂನ್ 9 ಅವರ ಹಬ್ಬದ ದಿನ. 806ರಲ್ಲಿ ವೈಕಿಂಗ್ ಕಡಲುಗಳ್ಳರು ದಾಳಿ ಮಾಡಿ 68 ಮಂದಿಯನ್ನು ಕೊಂದರು. ಸ್ಕಾಟ್ಲೆಂಡಿಗೆ ಶುಭಸಂದೇಶ ಹರಡಿದ ದಾರಿಗಳಲ್ಲಿ ಅಯೋನಾದ ದಾರಿ ದೊಡ್ಡದು. ಆದರೆ ಅಯೋನಾವನ್ನು ಕುರಿತು ಪುಸ್ತಕಗಳು ಬೇಕಾದಷ್ಟಿವೆ. ನಾವು ಮುಂದೆ ಹೋಗೋಣ.

ಬೂದಿಯಡಿಯ ಕೆಂಡ

1560ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಪೋಪ್ ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕಿ, ಬಲಿಪೂಜೆಯನ್ನೇ ನಿಷೇಧಿಸಿತು. ದಕ್ಷಿಣದ ಈ ದ್ವೀಪಗಳು ದೂರದಲ್ಲಿದ್ದವು. ಅಲ್ಲಿನ ಪಾಳೆಯಗಾರರಾದ ಬಾರಾದ ಮ್ಯಾಕ್‌ನೀಲ್ ಮತ್ತು ಕ್ಲಾನ್‌ರಾನಾಲ್ಡ್ ಮನೆತನಗಳು ಹಳೆಯ ವಿಶ್ವಾಸದ ಕಡೆಗಿದ್ದವು. ಆದರೆ ಗುರುಗಳು ಒಬ್ಬೊಬ್ಬರಾಗಿ ತೀರಿಹೋದರು, ಅವರ ಜಾಗಕ್ಕೆ ಬರುವವರಿಲ್ಲ. 17ನೇ ಶತಮಾನದಲ್ಲಿ ಐರ್ಲೆಂಡಿನಿಂದ ಫ್ರಾನ್ಸಿಸ್ಕನ್ ಗುರುಗಳು ಗುಟ್ಟಾಗಿ ದೋಣಿಯಲ್ಲಿ ಬಂದುಹೋದರು. ದ್ವೀಪದವರ ಗೇಲಿಕ್ ಭಾಷೆ ಐರಿಷ್ ಭಾಷೆಗೆ ಬಹು ಹತ್ತಿರವಾದ್ದರಿಂದ ಅವರಿಗೆ ಮಾತು ಸುಲಭವಾಯಿತು.

ಬಳಿಕ 1651ರಲ್ಲಿ ಬಂದವರನ್ನು ಕಳುಹಿಸಿದವರು ಯಾರು ಗೊತ್ತೇ? ಪ್ಯಾರಿಸ್ಸಿನಿಂದ ಸಂತ ವಿನ್ಸೆಂಟ್ ಡಿ ಪೌಲ್! ನಮ್ಮ ಧರ್ಮಕೇಂದ್ರಗಳಲ್ಲಿ ಬಡವರಿಗೆ ಅಕ್ಕಿ, ಔಷಧಿ ಒದಗಿಸುವ ಸಂಘಕ್ಕೆ ಅವರ ಹೆಸರಿದೆ. ಆ ಸಂತರು ಕಳುಹಿಸಿದ ಐರಿಷ್ ಗುರುಗಳಲ್ಲಿ ಡರ್ಮಟ್ ಡಗ್ಗನ್ ಎಂಬವರು ದ್ವೀಪಗಳಿಗೆ ಬಂದರು. ಜೊತೆಗಾರ ಫ್ರಾನ್ಸಿಸ್ ವೈಟ್ ಮುಖ್ಯಭೂಮಿಯ ಗುಡ್ಡಗಾಡಿನಲ್ಲಿ ದುಡಿದು ಸೆರೆವಾಸವನ್ನೂ ಕಂಡರು. ಡಗ್ಗನ್ ಗುರುಗಳು ದ್ವೀಪದಿಂದ ದ್ವೀಪಕ್ಕೆ ಅಲೆದರು. ಓಟ್ಸ್ ಹಿಟ್ಟಿನ ರೊಟ್ಟಿಯೇ ಅವರ ಊಟ. ಮುದುಕರಾಗುವ ತನಕ ಜ್ಞಾನಸ್ನಾನವನ್ನೇ ಪಡೆಯದಿದ್ದವರನ್ನು ಅವರು ಕಂಡರು. ಅವರಿಗೆಲ್ಲ ಜ್ಞಾನಸ್ನಾನ ಕೊಟ್ಟು, ಉಪದೇಶ ಮಾಡಿ, 1657ರಲ್ಲಿ ಯೂಯಿಸ್ಟ್‌ನಲ್ಲಿಯೇ ಕಣ್ಣುಮುಚ್ಚಿದರು. ಕೇವಲ ಆರು ವರ್ಷದ ಸೇವೆ.

ಆರು ವರ್ಷಗಳ ಸೇವೆ ಮುಂದಿನ ತಲೆಮಾರುಗಳಿಗೆಲ್ಲ ಸಾಕಾಗುವುದೇ? ಸಾಕಾಗದು. ಮಿಕ್ಕ ಕೆಲಸವನ್ನು ಮಾಡಿದ್ದು ಮನೆಗಳು, ಅದರಲ್ಲೂ ತಾಯಂದಿರು. ಈ ದ್ವೀಪಗಳಲ್ಲಿ ಮರಗಳು ಇಲ್ಲವೆನ್ನುವಷ್ಟು ಕಡಿಮೆ. ಉರುವಲೆಂದರೆ ಪೀಟ್, ಅಂದರೆ ಜವುಗು ನೆಲದಿಂದ ಇಟ್ಟಿಗೆಯಂತೆ ಕಡಿದು ಒಣಗಿಸಿದ ಮಣ್ಣಿನ ಹೆಂಟೆ. ಅದರ ಬೆಂಕಿಯನ್ನು ರಾತ್ರಿ ಆರಿಸುವುದಿಲ್ಲ. ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಮತ್ತೆ ಕೆದಕಿ ಉರಿಸುತ್ತಾರೆ. ಮನೆಯ ಹೆಂಗಸು ಕೆಂಡವನ್ನು ಮೂರು ಪಾಲು ಮಾಡಿ, ಪರಮ ತ್ರಿತ್ವದ ಹೆಸರಿನಲ್ಲಿ ಒಂದೊಂದೇ ಹೆಂಟೆಯನ್ನಿಟ್ಟು, ಮನೆಯಲ್ಲಿ ಮಲಗಿದವರನ್ನೆಲ್ಲ ದೇವರ ಕೈಗೆ ಒಪ್ಪಿಸುವ ಪ್ರಾರ್ಥನೆ ಹೇಳುತ್ತಿದ್ದಳು. ಬೆಳಿಗ್ಗೆ ಬೆಂಕಿಯೆಬ್ಬಿಸುವಾಗ ಇನ್ನೊಂದು ಪ್ರಾರ್ಥನೆ. ಹಸು ಕರೆಯುವಾಗ, ಬಿತ್ತುವಾಗ, ದೋಣಿ ನೀರಿಗಿಳಿಸುವಾಗ, ನೇಯ್ಗೆಯ ಮಗ್ಗವನ್ನು ಶನಿವಾರ ರಾತ್ರಿ ನಿಲ್ಲಿಸುವಾಗ, ಹೀಗೆ ಒಂದೊಂದಕ್ಕೂ ಒಂದು ಪ್ರಾರ್ಥನೆ ಇತ್ತು. ಸೆಪ್ಟೆಂಬರ್ 29ರ ಮಹಾದೂತ ಸಂತ ಮಿಖೇಲರ ಹಬ್ಬಕ್ಕೆ ಮನೆಗೊಂದು ದೊಡ್ಡ ರೊಟ್ಟಿ, ಕಡಲತೀರದಲ್ಲಿ ಕುದುರೆಗಳ ಓಟ. ಓದು ಬರಹ ಬಾರದ ತಾಯಿಯಿಂದ ಮಗಳಿಗೆ ಬಾಯಿಪಾಠವಾಗಿ ಬಂದ ಧರ್ಮೋಪದೇಶವಿದು.

ಅಲೆಕ್ಸಾಂಡರ್ ಕಾರ್‌ಮೈಕಲ್ ಎಂಬ ಅಬಕಾರಿ ಅಧಿಕಾರಿ ತಮ್ಮ ಕೆಲಸದ ಮೇಲೆ ಈ ದ್ವೀಪಗಳನ್ನು ಸುತ್ತುತ್ತಾ ಇಂಥ ಪ್ರಾರ್ಥನೆಗಳನ್ನು ಬರೆದುಕೊಂಡು, 1900ರಲ್ಲಿ 'ಕಾರ್ಮಿನಾ ಗೆಡೆಲಿಕಾ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರು ಕೆಲವನ್ನು ತಿದ್ದಿ ನಯಗೊಳಿಸಿದ್ದಾರೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಮನುಷ್ಯ ಒಲೆಯ ಪಕ್ಕ ಕುಳಿತು ಕೇಳದಿದ್ದರೆ ಇವುಗಳಲ್ಲಿ ಹೆಚ್ಚಿನವು ಮುದುಕಿಯರೊಂದಿಗೇ ಮಣ್ಣಾಗುತ್ತಿದ್ದವು. ಪ್ರವಾಸದ ಬಸ್ಸಿನಲ್ಲಿ ಕೋಟೆ, ವಿಸ್ಕಿ, ನೀರುನಾಯಿಗಳ ಕಥೆಗಳು ಧಾರಾಳವಾಗಿ ಸಿಗುತ್ತವೆ. ಈ ಒಲೆಯ ಕಥೆಯನ್ನು ಮಾರ್ಗದರ್ಶಿಯನ್ನು ಕೇಳಿಯೇ ಹೇಳಿಸಿಕೊಳ್ಳಬೇಕು.

ವಿಶ್ವಾಸಕ್ಕಾಗಿ ಬೆಲೆ ತೆತ್ತದ್ದೂ ಉಂಟು. 1770ರ ಸುಮಾರಿಗೆ ದಕ್ಷಿಣ ಯೂಯಿಸ್ಟ್‌ನ ಬಾಯ್ಸ್‌ಡೇಲ್‌ನ ಜಮೀನ್ದಾರ, ಕಥೋಲಿಕ ಧರ್ಮವನ್ನು ಬಿಡದಿದ್ದರೆ ಗೇಣಿಯ ಭೂಮಿಯಿಂದ ಹೊರಹಾಕುತ್ತೇನೆಂದು ರೈತರನ್ನು ಹೆದರಿಸಿದ. ಅವರು ಧರ್ಮವನ್ನು ಬಿಡಲಿಲ್ಲ. 1772ರಲ್ಲಿ 'ಅಲೆಕ್ಸಾಂಡರ್' ಎಂಬ ಹಡಗಿನಲ್ಲಿ ಯೂಯಿಸ್ಟ್‌ನವರೂ ಮುಖ್ಯಭೂಮಿಯ ಕಥೋಲಿಕರೂ ಸೇರಿ ಸುಮಾರು 200 ಮಂದಿ ಇಂದಿನ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಹೊರಟುಹೋದರು. ಎಂಬತ್ತು ವರ್ಷದ ಮೇಲೆ ಬಂದ ಕಷ್ಟ ಇನ್ನೂ ಘೋರ. ಆಗ ಬಾರಾ ಮತ್ತು ದಕ್ಷಿಣ ಯೂಯಿಸ್ಟ್‌ಗಳ ಒಡೆಯನಾಗಿದ್ದವನು ಗಾರ್ಡನ್ ಎಂಬ ಶ್ರೀಮಂತ. ಆಲೂಗೆಡ್ಡೆ ಬೆಳೆ ಕೊಳೆತು ಜನ ಹಸಿದಿದ್ದ ಹೊತ್ತಿನಲ್ಲಿ, 1851ರಲ್ಲಿ, ಆತ 1500ಕ್ಕೂ ಹೆಚ್ಚು ಮಂದಿಯನ್ನು ಹಡಗುಗಳಿಗೆ ತುಂಬಿಸಿ ಕೆನಡಾಕ್ಕೆ ಸಾಗಿಸಿದ. ಹೋಗಲೊಪ್ಪದೆ ಗುಡ್ಡಗಳಿಗೆ ಓಡಿದವರನ್ನು ಹಿಡಿದು ಕಟ್ಟಿ ತಂದರು. ಬಸ್ಸಿನ ಕಿಟಕಿಯಿಂದ ಕಾಣುವ ಖಾಲಿ ಬಯಲು, ಮುರಿದ ಗೋಡೆಗಳು ಎಷ್ಟು ಸುಂದರ ಎನ್ನುವ ಮುಂಚೆ ಇದು ನೆನಪಿರಲಿ. ಅಲ್ಲಿ ಒಲೆಗಳಿದ್ದವು.

ಬಾರಾದಿಂದ ಯೂಯಿಸ್ಟ್‌ಗೆ

ಬಾರಾದ ಕ್ಯಾಸಲ್‌ಬೇ ಬಂದರನ್ನು ಹಡಗು ಸಮೀಪಿಸುವಾಗ ಮೊದಲು ಕಾಣುವುದು ನೀರಿನ ನಡುವೆ ಬಂಡೆಯ ಮೇಲಿರುವ ಕಿಸಿಮುಲ್ ಕೋಟೆ. ಅದರ ಹಿಂದೆ ಏರಿನಲ್ಲಿ 1888ರಲ್ಲಿ ತೆರೆದ 'ಸಾಗರತಾರೆ ಮಾತೆ ಮರಿಯಮ್ಮ'ನವರ ದೇವಾಲಯ. ಅದಕ್ಕೂ ಮೇಲೆ, ಹೀವಲ್ ಬೆಟ್ಟದ ಓರೆಯಲ್ಲಿ, ಬಿಳಿಯ ಮಾತೆಯ ಪ್ರತಿಮೆ. ವಿಶ್ವ ಧರ್ಮಸಭೆ ಮರಿಯಮ್ಮನವರ ವರ್ಷವೆಂದು ಆಚರಿಸಿದ 1954ರಲ್ಲಿ ದ್ವೀಪದವರು ಅದನ್ನು ಸ್ಥಾಪಿಸಿದರು. ಮೀನು ಹಿಡಿಯಲು ಹೋದವರು ಮನೆಗೆ ಮರಳುವಾಗ ಕಾಣುವಂತೆ ಅದು ಸಮುದ್ರದ ಕಡೆಗೆ ಮುಖಮಾಡಿದೆ.

ದ್ವೀಪದ ಉತ್ತರದಲ್ಲಿ ವಿಮಾನಗಳು ಸಮುದ್ರತೀರದ ಮರಳಿನ ಮೇಲೆಯೇ ಇಳಿಯುತ್ತವೆ! ಭರತವಿಳಿತ ನೋಡಿಕೊಂಡು ವೇಳಾಪಟ್ಟಿ. ಮಕ್ಕಳು, ಮೊಮ್ಮಕ್ಕಳು ಜೊತೆಗಿದ್ದರೆ ಇದನ್ನು ತಪ್ಪಿಸಬೇಡಿ. ದಕ್ಷಿಣಕ್ಕೆ ವ್ಯಾಟರ್ಸೇ ಎಂಬ ಪುಟ್ಟ ದ್ವೀಪಕ್ಕೆ 1991ರಲ್ಲಿ ಏರಿರಸ್ತೆಯಾಯಿತು. ಅದಕ್ಕೆ ಮುಂಚೆ ದನಗಳನ್ನು ಈಜಿಸಿಯೇ ದಾಟಿಸುತ್ತಿದ್ದರು. 1986ರಲ್ಲಿ ಬೆಲೆಬಾಳುವ ಹೋರಿಯೊಂದು ಹಾಗೆ ಮುಳುಗಿ ಸತ್ತು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಜನರು ಎಷ್ಟೋ ವರ್ಷ ಬೇಡಿದ ರಸ್ತೆ ಹೋರಿ ಸತ್ತ ಮೇಲೆ ಬೇಗ ಬಂತು. ಸರಕಾರಗಳು ಎಲ್ಲ ಕಡೆಯೂ ಒಂದೇ ಇರಬಹುದು.

ಬಾರಾದಿಂದ 40 ನಿಮಿಷದ ಫೆರಿ ಎರಿಸ್ಕೇ ದ್ವೀಪಕ್ಕೆ. 1941ರಲ್ಲಿ ವಿಸ್ಕಿ ತುಂಬಿದ್ದ 'ಪೊಲಿಟಿಷಿಯನ್' ಎಂಬ ಹಡಗು ಇಲ್ಲಿ ಬಂಡೆಗೆ ತಾಗಿ ಕುಳಿತ ಕಥೆಯನ್ನು ಮಾರ್ಗದರ್ಶಿ ಖಂಡಿತ ಹೇಳುತ್ತಾರೆ, ನಗಿಸುತ್ತಾರೆ. ನಾನು ಹೇಳಬೇಕಾದದ್ದು ಗುಡ್ಡದ ಮೇಲಿನ ಸಂತ ಮಿಖೇಲರ ದೇವಾಲಯದ ಕುರಿತು. ಅದನ್ನು 1903ರಲ್ಲಿ ಕಟ್ಟಿಸಿದವರು ಫಾದರ್ ಅಲನ್ ಮ್ಯಾಕ್‌ಡೊನಾಲ್ಡ್. ಮುಖ್ಯಭೂಮಿಯ ಫೋರ್ಟ್ ವಿಲಿಯಂನವರು, 1884ರಲ್ಲಿ ದಕ್ಷಿಣ ಯೂಯಿಸ್ಟ್‌ಗೆ ಬಂದರು. ರೋಗಿಗಳನ್ನು ಕಾಣಲು ಮಳೆಗಾಳಿಯಲ್ಲಿ ನಡೆದೂ ನಡೆದೂ ಅವರ ಆರೋಗ್ಯ ಕೆಟ್ಟಿತು. ಜನರ ಕಥೆ, ಹಾಡು, ಗಾದೆಗಳನ್ನು ಪುಸ್ತಕಗಳ ತುಂಬ ಬರೆದುಕೊಂಡರು, ತಾವೇ ಗೇಲಿಕ್ ಭಾಷೆಯಲ್ಲಿ ಭಕ್ತಿಗೀತೆಗಳನ್ನು ರಚಿಸಿದರು. ಜನರ ಭಾಷೆಯನ್ನು ಕೀಳೆಂದು ಶಾಲೆಗಳು ಹೇಳುತ್ತಿದ್ದ ಕಾಲದಲ್ಲಿ ಅವರ ಗುರು ಅದನ್ನು ಬಲಿಪೀಠದ ಹತ್ತಿರಕ್ಕೆ ತಂದರು. ದೇವಾಲಯಕ್ಕಾಗಿ ಮೀನುಗಾರರು ಒಂದು ಬಾರಿಯ ಬಲೆಯ ಹಣವನ್ನು ಪೂರ್ತಿ ಕೊಟ್ಟರೆಂದು ದ್ವೀಪದವರು ಹೇಳುತ್ತಾರೆ. 1905ರಲ್ಲಿ, ಇನ್ನೂ 45 ವರ್ಷದವರಿದ್ದಾಗಲೇ ಫಾದರ್ ಅಲನ್ ತೀರಿಕೊಂಡರು. ಸಮಾಧಿ ಎರಿಸ್ಕೇಯಲ್ಲಿಯೇ ಇದೆ.

ಒಳಗೆ ಹೋದರೆ ಬಲಿಪೀಠವನ್ನು ನೋಡಿ. ಅದರ ಬುಡ ಒಂದು ದೋಣಿಯ ಮೂತಿ! 'ಹರ್ಮಿಸ್' ಎಂಬ ಬ್ರಿಟಿಷ್ ವಿಮಾನವಾಹಕ ನೌಕೆಯ ರಕ್ಷಣಾ ದೋಣಿಯದು. ಅದೇ ಹರ್ಮಿಸ್ ನೌಕೆ 1987ರಲ್ಲಿ ನಮ್ಮ ಭಾರತದ ನೌಕಾಪಡೆಗೆ ಬಂದು ಐ.ಎನ್.ಎಸ್. ವಿರಾಟ್ ಎನಿಸಿಕೊಂಡು 2017ರವರೆಗೆ ಸೇವೆಯಲ್ಲಿತ್ತು. ಹೊರಗಿರುವ ಗಂಟೆ 'ಡರ್‌ಫ್ಲಿಂಗರ್' ಎಂಬ ಜರ್ಮನ್ ಯುದ್ಧನೌಕೆಯದು. ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಜರ್ಮನರೇ ಅದನ್ನು ಸ್ಕಾಟ್ಲೆಂಡಿನ ಉತ್ತರದ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಮುಳುಗಿಸಿದ್ದರು. ಎರಡು ಯುದ್ಧನೌಕೆಗಳ ತುಂಡುಗಳು ಒಂದು ಬಡ ದೇವಾಲಯದಲ್ಲಿ ಬಲಿಪೂಜೆಗೆ ಒದಗಿವೆ.

ಎರಿಸ್ಕೇಯಿಂದ 2001ರಲ್ಲಿ ಕಟ್ಟಿದ ಏರಿರಸ್ತೆಯ ಮೇಲೆ ಬಸ್ಸು ದಕ್ಷಿಣ ಯೂಯಿಸ್ಟ್ ಸೇರುತ್ತದೆ. ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಮಾತೆಯ ಪುಟ್ಟ ಗೂಡುಗಳು ಕಾಣತೊಡಗುತ್ತವೆ. ಬ್ರಿಟನ್ನಿನಲ್ಲಿ ಇದು ಬಹಳ ಅಪರೂಪದ ದೃಶ್ಯ. ಉತ್ತರಕ್ಕೆ ಸಾಗಿದರೆ ರೂವಲ್ ಬೆಟ್ಟದ ಓರೆಯಲ್ಲಿ 'ದ್ವೀಪಗಳ ಮಾತೆ'. ಶಿಲ್ಪಿ ಹ್ಯೂ ಲೋರಿಮರ್ ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿದ ಸುಮಾರು 9 ಮೀಟರ್ ಎತ್ತರದ ಪ್ರತಿಮೆಯಿದು, 1957ರದು. ಬಾಲಯೇಸು ಕೈಯೆತ್ತಿ ಆಶೀರ್ವದಿಸುತ್ತಿದ್ದಾರೆ. ಈ ಪ್ರತಿಮೆಗೂ ಒಂದು ಹಿನ್ನೆಲೆ ಇದೆ. 1955ರಲ್ಲಿ ಬ್ರಿಟಿಷ್ ಸರಕಾರ ಇಲ್ಲಿ ಕ್ಷಿಪಣಿ ಪರೀಕ್ಷಾ ಕೇಂದ್ರ ಸ್ಥಾಪಿಸಲು ಹೊರಟಾಗ, ಜನರ ಭೂಮಿ ಹೋಗುತ್ತದೆ, ಹೊರಗಿನವರು ತುಂಬಿ ಭಾಷೆ ಅಳಿಯುತ್ತದೆ ಎಂದು ಎದ್ದುನಿಂತು ಪ್ರತಿಭಟಿಸಿದವರು ಧರ್ಮಕೇಂದ್ರದ ಗುರು ಫಾದರ್ ಜಾನ್ ಮಾರಿಸನ್. ಪತ್ರಿಕೆಗಳು ಅವರಿಗೆ 'ಫಾದರ್ ರಾಕೆಟ್' ಎಂದೇ ಹೆಸರಿಟ್ಟವು. ಯೋಜನೆಯ ಗಾತ್ರ ಕುಗ್ಗಿತು, ಆದರೆ ಕೇಂದ್ರ ಬಂದೇಬಂತು, ಇಂದಿಗೂ ಇದೆ. ಬೆಟ್ಟದ ತುದಿಯಲ್ಲಿ ಅದರ ಕಟ್ಟಡಗಳು, ಕೆಳಗಿನ ಓರೆಯಲ್ಲಿ ಮಾತೆ. ಎರಡೂ ಒಂದೇ ಫೋಟೋದಲ್ಲಿ ಬರುತ್ತವೆ. ಹಿಂದೆ ಗಾರ್ಡನ್‌ನ ಕೈಯಲ್ಲಿದ್ದ ಈ ದ್ವೀಪದ ಜಮೀನು 2006ರಲ್ಲಿ ದ್ವೀಪದ ಜನರ ಸ್ವಂತ ಸಂಸ್ಥೆಯ ಒಡೆತನಕ್ಕೆ ಬಂದಿದೆ ಎಂಬುದನ್ನೂ ಸಂತೋಷದಿಂದ ಹೇಳಬೇಕು.

ಏರಿರಸ್ತೆಯಾಚೆಯ ಸಹೋದರರು

ಬೆನ್‌ಬೆಕ್ಯುಲಾದಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಕೂಡಿ ಬಾಳುತ್ತಾರೆ. 1960ರಲ್ಲಿ ತೆರೆದ ಏರಿರಸ್ತೆಯನ್ನು ದಾಟಿ ಉತ್ತರ ಯೂಯಿಸ್ಟ್‌ಗೆ ಹೋದ ಕೂಡಲೇ ರಸ್ತೆ ಬದಿಯ ಮಾತೆಯ ಗೂಡುಗಳು ನಿಂತುಹೋಗುತ್ತವೆ. ಇಲ್ಲಿಂದ ಉತ್ತರಕ್ಕೆಲ್ಲ ಪ್ರೆಸ್ಬಿಟೇರಿಯನ್ ನಾಡು. ಒಂದೇ ಭಾಷೆ, ಒಂದೇ ಬಡತನ, ಅದೇ ಪೀಟ್ ಒಲೆ. ವಿಶ್ವಾಸದ ರೂಪ ಮಾತ್ರ ಬೇರೆ. ಪ್ರತಿಮೆಗಳಿಲ್ಲ, ವಾದ್ಯಗಳಿಲ್ಲ. ಅಲ್ಲಿನ ಆರಾಧನೆಯಲ್ಲಿ ಒಬ್ಬ ಹಿರಿಯ ಕೀರ್ತನೆಯ ಒಂದು ಸಾಲನ್ನು ಗೇಲಿಕ್‌ನಲ್ಲಿ ಎತ್ತಿಕೊಡುತ್ತಾನೆ. ಇಡೀ ಸಭೆ ಅದನ್ನು ಹಿಡಿದು, ಪ್ರತಿಯೊಬ್ಬರೂ ತಮ್ಮ ತಮ್ಮ ಎಳೆತದಲ್ಲಿ ಹಾಡುತ್ತಾರೆ. ಕೇಳಿದರೆ ಅಲೆಯೊಂದು ಏರಿ ಇಳಿದಂತಿರುತ್ತದೆ. ಇದನ್ನು ಒಣ ಧರ್ಮ ಎಂದು ಹಗುರವಾಗಿ ಮಾತನಾಡುವವರು ಒಮ್ಮೆ ಅದನ್ನು ಕೇಳಬೇಕು.

ಉತ್ತರದ ಜನರು ಭಾನುವಾರವನ್ನು ಆಚರಿಸುವ ಬಗೆ ಪ್ರಸಿದ್ಧ. ಬಟ್ಟೆ ಒಣಗಹಾಕುವುದಿಲ್ಲ, ಅಂಗಡಿ ತೆರೆಯುವುದಿಲ್ಲ, ಆಟವಿಲ್ಲ. ಸ್ಟೋರ್ನೊವೇಗೆ ಭಾನುವಾರದ ವಿಮಾನ ಬಂದದ್ದು 2002ರಲ್ಲಿ. ಅಲ್ಲಿಂದ ಭಾನುವಾರದ ಹಡಗು ಹೊರಟದ್ದು 2009ರ ಜುಲೈನಲ್ಲಿ, ಅದೂ ಕೆಲವರ ಪ್ರತಿಭಟನೆ, ಇನ್ನು ಕೆಲವರ ಚಪ್ಪಾಳೆಗಳ ನಡುವೆ. 2024ರ ನವೆಂಬರ್‌ನಲ್ಲಿ ಅಲ್ಲಿನ ದೊಡ್ಡ ಅಂಗಡಿಯೊಂದು ಭಾನುವಾರವೂ ಬಾಗಿಲು ತೆರೆಯಿತು. ದಕ್ಷಿಣದ ಕಥೋಲಿಕ ದ್ವೀಪಗಳಲ್ಲಿ ಬಲಿಪೂಜೆ ಮುಗಿಸಿ ಫುಟ್‌ಬಾಲ್ ಆಡಲು ಯಾರ ಅಡ್ಡಿಯೂ ಇಲ್ಲ. ಹಾಗೆಂದು ಉತ್ತರದವರನ್ನು ನೋಡಿ ನಗುವುದು ಅತಿಥಿಗಳಿಗೆ ಒಪ್ಪುವುದಿಲ್ಲ. ನಮ್ಮ ಭಾನುವಾರಗಳು ಟಿವಿ, ಕ್ರಿಕೆಟ್, ಟ್ಯೂಷನ್‌ಗಳಲ್ಲಿ ಕಳೆದುಹೋಗುತ್ತಿರುವಾಗ ನಗುವ ಹಕ್ಕಾದರೂ ನಮಗೆ ಎಲ್ಲಿದೆ?

ಆದ್ದರಿಂದ ಪ್ರವಾಸಕ್ಕೆ ಹೆಸರು ಬರೆಸುವಾಗಲೇ ಒಂದು ಪ್ರಶ್ನೆ ಕೇಳಿರಿ: ಭಾನುವಾರ ನಾವು ಯಾವ ದ್ವೀಪದಲ್ಲಿರುತ್ತೇವೆ? ಬಾರಾ ಅಥವಾ ದಕ್ಷಿಣ ಯೂಯಿಸ್ಟ್ ಆದರೆ ಬಲಿಪೂಜೆಗೆ ತೊಂದರೆಯಿಲ್ಲ. ಲೂಯಿಸ್ ಆದರೆ ಸ್ಟೋರ್ನೊವೇಯಲ್ಲಿ ಒಂದು ಚಿಕ್ಕ ಕಥೋಲಿಕ ದೇವಾಲಯವಿದೆ. ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. ದೇವಾಲಯದೊಳಗೆ ಬಲಿಪೂಜೆಯ ಹೊತ್ತಿನಲ್ಲಿ ಫೋಟೋ ತೆಗೆಯಬೇಡಿ. ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಹ್ಯಾರಿಸ್‌ಗೆ ಹೋಗುವ ಫೆರಿ ಸುಮಾರು ಒಂದು ಗಂಟೆ ಬಂಡೆಗಳ ನಡುವೆ ಹಾವಿನಂತೆ ಹೊರಳುತ್ತಾ ಸಾಗುತ್ತದೆ. ಹ್ಯಾರಿಸ್ ಟ್ವೀಡ್ ಬಟ್ಟೆಯ ಹೆಸರು ಕೇಳಿರಬಹುದು. 1993ರ ಕಾನೂನಿನ ಪ್ರಕಾರ ಅದರ ಉಣ್ಣೆಗೆ ಬಣ್ಣ ಹಾಕಿ ನೂಲುವುದು ಈ ದ್ವೀಪಗಳಲ್ಲೇ ಆಗಬೇಕು, ನೇಯುವುದು ನೇಕಾರನ ಸ್ವಂತ ಮನೆಯಲ್ಲೇ, ಕಾಲಿನಿಂದ ತುಳಿಯುವ ಮಗ್ಗದಲ್ಲೇ ಆಗಬೇಕು. ಕೈಮಗ್ಗದ ನೇಕಾರರಿಗೆ ಇಂಥ ಗಟ್ಟಿ ಕಾನೂನಿನ ಬೆಂಬಲ ಎಲ್ಲ ಕಡೆಯೂ ಸಿಕ್ಕಿದ್ದರೆ! ಮುಂದೆ ಲೂಯಿಸ್‌ನಲ್ಲಿ ಕ್ಯಾಲನಿಷ್‌ನ ಐದು ಸಾವಿರ ವರ್ಷದ ನಿಲುಗಲ್ಲುಗಳು, ಆರ್ನಾಲ್‌ನಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆ. ಆ ಮನೆಯ ನಡುವೆ ಇಂದಿಗೂ ಪೀಟ್ ಬೆಂಕಿಯನ್ನು ಉರಿಸುತ್ತಾರೆ. ನಾನು ಹೇಳಿದ ಒಲೆ ಎಂಥದೆಂದು ಅಲ್ಲಿ ಕಣ್ಣಾರೆ ನೋಡಬಹುದು, ಹೊಗೆಯನ್ನೂ ಕುಡಿಯಬಹುದು.

ಸ್ಟೋರ್ನೊವೇ ಕನ್ನಡಿಗರಿಗೆ ಸಂಬಂಧಪಟ್ಟ ಊರು ಎಂದರೆ ಆಶ್ಚರ್ಯವಾದೀತು. ಟಿಪ್ಪು ಸುಲ್ತಾನ್ ಮಡಿದ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದು, ಬಳಿಕ ಮೈಸೂರು ಸೀಮೆಯನ್ನೆಲ್ಲ ಅಳತೆ ಮಾಡಿಸಿ, ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಈ ಊರಿನಲ್ಲಿ. ಅದೇ ಊರಿನ ಲೂಸ್ ಕೋಟೆಯನ್ನು ಕಟ್ಟಿಸಿದವನು ಜೇಮ್ಸ್ ಮ್ಯಾಥಿಸನ್. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾದಲ್ಲಿ ಮಾರಿ ಸಂಪಾದಿಸಿದ ಹಣ ಅದರಲ್ಲಿದೆ. ಹೀಗೆ ಒಂದೇ ಊರು ನಮ್ಮ ದೇಶದ ಜೊತೆ ಎರಡು ಬಗೆಯ ನಂಟು ಇಟ್ಟುಕೊಂಡಿದೆ. ಆ ಕೋಟೆಯ ಪಕ್ಕದ ವಸ್ತುಸಂಗ್ರಹಾಲಯದಲ್ಲಿ, 1831ರಲ್ಲಿ ಮರಳಿನಲ್ಲಿ ಸಿಕ್ಕ 12ನೇ ಶತಮಾನದ ಚದುರಂಗದ ಕಾಯಿಗಳಲ್ಲಿ ಆರನ್ನು ಇಟ್ಟಿದ್ದಾರೆ. ಸಿಕ್ಕ ಕಾಯಿಗಳಲ್ಲಿ ಕಿರೀಟ ಧರಿಸಿ ದಂಡ ಹಿಡಿದ ಧರ್ಮಾಧ್ಯಕ್ಷರೂ ಇದ್ದಾರೆ!

ನೋಡುವವರು ಮತ್ತು ಇರುವವರು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು. ದ್ವೀಪದವರಿಗೆ ಪ್ರವಾಸಿಗರು ಬೇಕು, ಅವರಿಂದ ಹೊರೆಯೂ ಇದೆ. ಈಚಿನ ವರ್ಷಗಳಲ್ಲಿ ಹಳೆಯ ಫೆರಿಗಳು ಮತ್ತೆ ಮತ್ತೆ ಕೆಟ್ಟು ಪ್ರಯಾಣಗಳು ರದ್ದಾಗಿ, 2023ರ ಜೂನ್‌ನಲ್ಲಿ ದಕ್ಷಿಣ ಯೂಯಿಸ್ಟ್‌ನ ಲಾಕ್‌ಬಾಯ್ಸ್‌ಡೇಲ್ ಬಂದರಿನಲ್ಲಿ ನೂರಾರು ಜನ ಸೇರಿ ಪ್ರತಿಭಟಿಸಿದರು. ಮುಖ್ಯಭೂಮಿಯ ಆಸ್ಪತ್ರೆಗೆ ಹೋಗಬೇಕಾದವರಿಗೆ ಹಡಗಿನಲ್ಲಿ ಜಾಗ ಸಿಗದಿದ್ದರೆ ಅದು ಪ್ರವಾಸದ ಅನನುಕೂಲದಂತೆ ಮರುದಿನಕ್ಕೆ ಮರೆಯುವ ವಿಷಯವಲ್ಲ. ಈ ದೃಷ್ಟಿಯಿಂದ ನೋಡಿದರೆ, ನಲವತ್ತು ಜನ ಒಂದೇ ಬಸ್ಸಿನಲ್ಲಿ ಹೋಗುವುದು ನಲವತ್ತು ಜನ ಇಪ್ಪತ್ತು ಕಾರುಗಳಲ್ಲಿ ಹೋಗುವುದಕ್ಕಿಂತ ಎಷ್ಟೋ ಮೇಲು. ಬಸ್ ಪ್ರವಾಸವೆಂದರೆ ಮುದುಕರ ಪ್ರವಾಸ ಎಂದು ಹಾಸ್ಯ ಮಾಡುವವರಿಗೆ ಇದು ಉತ್ತರ.

ಭಾಷೆಯದೂ ಚಿಂತೆಯ ಮಾತೇ. 2011ರ ಜನಗಣತಿಯಲ್ಲಿ ಔಟರ್ ಹೆಬ್ರಿಡೀಸ್‌ನ ಅರ್ಧಕ್ಕಿಂತ ಹೆಚ್ಚು ಜನ ಗೇಲಿಕ್ ಮಾತನಾಡುತ್ತಿದ್ದರು. 2022ರ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಗೇಲಿಕ್‌ಗೆ ಅಧಿಕೃತ ಸ್ಥಾನ ಕೊಡುವ ಕಾನೂನನ್ನು ಸ್ಕಾಟ್ಲೆಂಡಿನ ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಕಾನೂನು ಒಳ್ಳೆಯದೇ. ಆದರೆ ಒಲೆಯ ಮುಂದೆ ಹೇಳುತ್ತಿದ್ದ ಪ್ರಾರ್ಥನೆಯನ್ನು ಕಾನೂನು ಮಗುವಿಗೆ ಕಲಿಸಲಾರದು. ಯುವಕರು ಗ್ಲಾಸ್ಗೋಗೆ ಹೋಗುತ್ತಾರೆ, ಖಾಲಿಯಾದ ಮನೆಗಳನ್ನು ಹೊರಗಿನವರು ಬೇಸಿಗೆಯ ಬಿಡಾರಕ್ಕಾಗಿ ಕೊಳ್ಳುತ್ತಾರೆ. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಬೀಗ ಜಡಿದ ಮನೆಗಳು ಹೆಚ್ಚುತ್ತಿರುವ ನಮ್ಮ ಊರುಗಳಿಂದ ಹೋದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯದಲ್ಲಿ, ಹಡಗು ಒಡೆದು ಮಾಲ್ಟಾ ದ್ವೀಪಕ್ಕೆ ಈಜಿ ಬಂದ ಸಂತ ಪೌಲರಿಗೂ ಜೊತೆಗಿದ್ದವರಿಗೂ ದ್ವೀಪದ ಜನರು ಮಳೆಚಳಿಯಲ್ಲಿ ಬೆಂಕಿ ಹಾಕಿಕೊಟ್ಟ ಪ್ರಸಂಗ ಬರುತ್ತದೆ. ಆ ಬೆಂಕಿಗೆ ಪೌಲರು ತಾವೂ ಕಟ್ಟಿಗೆ ಆಯ್ದು ತಂದು ಹಾಕಿದರೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬಸ್ಸಿನಲ್ಲಿ ಹೋದವರೂ ಅಷ್ಟು ಮಾಡಬಹುದು: ದೇವಾಲಯದ ಕಾಣಿಕೆ ಡಬ್ಬಿಗೆ ಸ್ವಲ್ಪ ಹಣ, ಊರಿನ ಚಿಕ್ಕ ಅಂಗಡಿಯಲ್ಲಿ ಸಾಮಾನು ಖರೀದಿ, ಗೇಲಿಕ್‌ನಲ್ಲಿ ಒಂದು ಧನ್ಯವಾದ. 'ತಾಪಾ ಲೇವ್' ಎಂದರೆ ಸಾಕು, ಅವರ ಮುಖ ಅರಳುತ್ತದೆ.

ಸ್ಟೋರ್ನೊವೇಯಿಂದ ಹಡಗು ಹೊರಡುವಾಗ ಎಡಗಡೆಯಲ್ಲಿ ನಿಂತು ನೋಡಿ. ಹೋಮ್ ಎಂಬ ಭೂಶಿರದ ಬಳಿ ನೀರಿನಲ್ಲಿ ಕಪ್ಪು ಬಂಡೆಗಳಿವೆ, ದಡದಲ್ಲಿ ಒಂದು ಸ್ಮಾರಕವಿದೆ. ಮೊದಲ ಮಹಾಯುದ್ಧ ಮುಗಿದು, ಬದುಕಿ ಉಳಿದ ದ್ವೀಪದ ನೌಕಾಸೈನಿಕರನ್ನು ಮನೆಗೆ ಕರೆತರುತ್ತಿದ್ದ 'ಅಯೋಲೇರ್' ಹಡಗು 1919ರ ಜನವರಿ 1ರ ನಸುಕಿನಲ್ಲಿ ಈ ಬಂಡೆಗಳಿಗೆ ಅಪ್ಪಳಿಸಿತು. ದಡಕ್ಕೆ ಕೆಲವೇ ಗಜಗಳಿದ್ದವು. ಸುಮಾರು 200 ಮಂದಿ ಮುಳುಗಿದರು. ಮನೆಗಳಲ್ಲಿ ಅವರಿಗಾಗಿ ಒಲೆಗಳನ್ನು ಉರಿಸಿ, ಬಟ್ಟೆಗಳನ್ನು ಬೆಚ್ಚಗೆ ಮಾಡಿ ಇಟ್ಟಿದ್ದರು. ಆ ರಾತ್ರಿಯ ಬಗ್ಗೆ ಲೂಯಿಸ್‌ನ ಎಷ್ಟೋ ಕುಟುಂಬಗಳು ಅನೇಕ ವರ್ಷ ಬಾಯಿಬಿಟ್ಟು ಮಾತನಾಡಲೇ ಇಲ್ಲ. ಹಡಗು ಆ ಬಂಡೆಗಳನ್ನು ದಾಟಿದ ಮೇಲೆ ತೆರೆದ ಸಮುದ್ರ, ಎರಡೂವರೆ ಗಂಟೆಗೂ ಮಿಕ್ಕಿದ ದಾರಿ. ಉಲ್ಲಾಪೂಲ್‌ನಲ್ಲಿ ಬಸ್ಸು ಹೊರಬಂದು ಇನ್ವರ್ನೆಸ್ ರಸ್ತೆಯನ್ನು ಹಿಡಿಯುತ್ತದೆ.